ಬಾಗಿಲ ನೆತ್ತಿಯ ಕುರಿಗಾಹಿ

ಶಾಂಪ್ರೆಲ್ ಅರಮನೆಯ ದೊಡ್ಡ ದಿವಾನಖಾನೆಗೆ ಹೋದವರಿಗೆ ಬಾಗಿಲ ನೆತ್ತಿಯ ಮೇಲೆ ಒಬ್ಬ ಕುರಿಗಾಹಿ ಹುಡುಗಿ ಕಾಣುತ್ತಾಳೆ. ಗುಲಾಬಿ ರೇಷ್ಮೆಯ ಲಂಗ, ಸಾಟಿನ್ ಪಾದರಕ್ಷೆ, ಕೈಯಲ್ಲಿ ನೀಲಿ ರಿಬ್ಬನ್ ಕಟ್ಟಿದ ಕೋಲು. ಸುತ್ತ ನಾಲ್ಕಾರು ಕುರಿಗಳು, ಹಾಲಿನಲ್ಲಿ ಅದ್ದಿ ತೆಗೆದಷ್ಟು ಬೆಳ್ಳಗೆ. ಹಿಕ್ಕೆ ಹಾಕುವ ಅಭ್ಯಾಸ ಒಂದಕ್ಕೂ ಇದ್ದ ಹಾಗಿಲ್ಲ. ಪಕ್ಕದಲ್ಲಿ ಕೊಳಲು ಹಿಡಿದು ಕೂತ ಹುಡುಗನಿಗೆ ಅವಳ ಮುಖ ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ. ಬಂದ ಅತಿಥಿಗಳು ಕತ್ತೆತ್ತಿ ನೋಡಿ, ಹಳ್ಳಿಯ ಬದುಕು ಎಷ್ಟು ಸುಖ ಅನ್ನುತ್ತಾರೆ. ಸುಖವಂತೆ. ಆ ಲಂಗದ ಮಡಿಕೆಗಳನ್ನು ಬರೆಯುವಾಗ ಅದರೊಳಗೆ ಯಾರು ಕೂತಿದ್ದರು, ಅವಳನ್ನು ಅಲ್ಲಿ ಕೂರಿಸಿ ಅವಳ ಬೆನ್ನ ಹಿಂದೆ ಏನನ್ನು ಕಿತ್ತುಕೊಳ್ಳಲು ನೋಡಿದರು ಎಂಬುದರ ಬಗ್ಗೆ ಅರಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಹಳ್ಳಿಯವರೇ ಹೇಳಬೇಕು.

ಅವಳ ಹೆಸರು ಸೊಲಾಂಜ್ ಬ್ರೆಶೋ. ಶಾಂಪ್ರೆಲ್ ಇರುವ ಬೆರ್ರಿ ಸೀಮೆಯಲ್ಲಿ ಕುರಿ ಕಾಯುವವರನ್ನು ಕಾಯುವ ಸಂತಳ ಹೆಸರು ಅದು. ಹುಟ್ಟಿದ್ದು ಕುರಿಹಟ್ಟಿಯಲ್ಲೇ, ಮರಿ ಹಾಕುವ ಕಾಲದಲ್ಲಿ. ಅವಳ ತಾಯಿ ಒಂದು ಕುರಿಯ ಹೆರಿಗೆ ಮಾಡಿಸುತ್ತಿದ್ದಾಗ ತನಗೇ ನೋವು ಬಂತಂತೆ. ಕುರಿಯದು ಮುಗಿಸಿ ಆಮೇಲೆ ತನ್ನದಕ್ಕೆ ಮಲಗಿದಳಂತೆ. ಊರಿನವರು ಇದನ್ನು ನಗೆಮಾತಾಗಿ ಹೇಳುತ್ತಿದ್ದರು, ಸೊಲಾಂಜ್ ಮಾತ್ರ ನಗುತ್ತಿರಲಿಲ್ಲ. ಕುರಿ ಊರಿನವರದು, ಅದು ಸತ್ತಿದ್ದರೆ ಅಮ್ಮ ಏನೆಂದು ಉತ್ತರ ಕೊಡಬೇಕಿತ್ತು ಎನ್ನುತ್ತಿದ್ದಳು.

ಅವಳ ಗಂಡ ಸಿಲ್ವೆನ್ ಊರ ಕುರಿಗಾಹಿಯಾಗಿದ್ದ. ಊರ ಕುರಿಗಾಹಿಯೆಂದರೆ ಸ್ವಂತ ಕುರಿ ಇರುವವನಲ್ಲ. ಮನೆಮನೆಯ ಕುರಿಗಳನ್ನೂ ಒಂದೇ ಮಂದೆ ಮಾಡಿ ಮೇಯಿಸುವವನು. ಊಟ ಸರದಿಯ ಮೇಲೆ, ಇವತ್ತು ಈ ಮನೆಯ ಈರುಳ್ಳಿ ಸಾರು, ನಾಳೆ ಆ ಮನೆಯದು. ಸಿಲ್ವೆನ್ ಜ್ವರ ಬಂದು ಸತ್ತಾಗ ಊರಿನವರು ಭಾನುವಾರದ ಪೂಜೆ ಮುಗಿಸಿ ಚರ್ಚಿನ ಬಾಗಿಲಲ್ಲಿ ಸಭೆ ಸೇರಿ ಹೊಸಬನೊಬ್ಬನನ್ನು ಹುಡುಕುವ ಮಾತಾಡಿದರು. ಆಗ ಊರ ಹಿರಿಯ ಫಿಯಾಕ್ರ್ ಕೇಳಿದ:

"ಹುಡುಕೋದ್ಯಾಕ್ರಯ್ಯ? ಅವ್ನು ಹಾಸ್ಗೆ ಹಿಡ್ದಾಗ್ಲಿಂದ ಮಂದೆ ಕಾಯ್ತಿರೋದು ಯಾರು? ನಿಮ್ಗೆ ಕೋಲು ಕಾಣ್ತದೆ, ಹಿಡ್ದೋಳು ಕಾಣಾಕಿಲ್ವಾ?"

ಹೀಗೆ ಸೊಲಾಂಜ್ ಊರ ಕುರಿಗಾಹಿಯಾದಳು. ತೋಳಗಳನ್ನು ಬೆದರಿಸಿ ಬೆದರಿಸಿ ಅವಳ ಧ್ವನಿ ಒಡೆದಿತ್ತು. ಮಂದೆ ಮೇಯುವಾಗ ಕೈ ಸುಮ್ಮನಿರುತ್ತಿರಲಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಕದಿರಿನಲ್ಲಿ ಸೆಣಬಿನ ನೂಲು ತೆಗೆಯುತ್ತಿದ್ದಳು. ಸರದಿಯ ಮನೆಯಲ್ಲಿ ಸಾರು ನೀರಾಗಿದ್ದರೆ ಬಟ್ಟಲಿಗೆ ಮುಖ ಬಗ್ಗಿಸಿ, "ನನ್ ಮುಖ ಚೆಂದಾಗ್ ಕಾಣ್ತದೆ ಕಣವ್ವ, ಕನ್ನಡಿ ಬೇಕಾಗಿಲ್ಲ," ಎನ್ನುವಳು. ಮುಂದಿನ ಸಲ ಆ ಮನೆಯಲ್ಲಿ ಸಾರು ಗಟ್ಟಿಯಾಗಿರುತ್ತಿತ್ತು.

ಈಗ ಹುಲ್ಲುಗಾವಲಿನ ವಿಷಯ ಹೇಳಬೇಕು, ಏಕೆಂದರೆ ಇಡೀ ಕಥೆ ಅದರ ಮೇಲೆ ನಿಂತಿದೆ. ಅರಮನೆಯ ಕೆಳಗೆ ಹೊಳೆಯವರೆಗೆ ಒಂದು ದೊಡ್ಡ ಹುಲ್ಲುಗಾವಲಿದೆ. ಅದರ ಮೊದಲ ಹುಲ್ಲು ದೊರೆಯದು. ಬೇಸಿಗೆಯಲ್ಲಿ ಅದನ್ನು ಕೊಯ್ದು ಬಣವೆ ಹಾಕಿಕೊಳ್ಳುತ್ತಾರೆ. ಕೊಯ್ದ ಮೇಲೆ ಚಿಗುರುವ ಎರಡನೇ ಹುಲ್ಲು ಹಳ್ಳಿಯದು. ಸಂತ ಮಗ್ದಲೇನಳ ಹಬ್ಬದ ದಿನ, ಮಧ್ಯಾಹ್ನದ ಗಂಟೆ ಬಾರಿಸುವುದರೊಳಗೆ, ಊರ ಕುರಿಗಾಹಿ ತಾನೇ ಉಣುಗೋಲು, ಎಂದರೆ ಬೇಲಿಬಾಗಿಲ ಅಡ್ಡಮರ, ಸರಿಸಿ ಮುಂದೆ ನಡೆಯಬೇಕು, ಹಿಂದೆ ಮಂದೆ ಹೋಗಬೇಕು, ಊರಿನವರು ನಿಂತು ನೋಡಬೇಕು. ಅಷ್ಟಾದರೆ ಚಳಿಗಾಲದವರೆಗೆ ಆ ಹುಲ್ಲು ಊರಿನದೇ. ಬೇರೆಯವರು ಹೋದರೆ ಲೆಕ್ಕಕ್ಕಿಲ್ಲ, ಗಂಟೆ ದಾಟಿದರೆ ಲೆಕ್ಕಕ್ಕಿಲ್ಲ. ಒಂದು ವರ್ಷ ತಪ್ಪಿದರೆ ಊರಿನವರೇ ಹಕ್ಕು ಬಿಟ್ಟುಕೊಟ್ಟರು ಎಂದು ದೊರೆಯ ವಕೀಲರು ಹೇಳಬಹುದು. ಪಕ್ಕದೂರಿನಲ್ಲಿ ಹಾಗೆಯೇ ಆಗಿತ್ತು. ಕುರಿಗಾಹಿ ಕುಡಿದು ಮಲಗಿದ್ದ, ಮಂದೆ ಬಾಗಿಲಲ್ಲೇ ಉಳಿಯಿತು. ಈಗ ಆ ಜಾಗದಲ್ಲಿ ಕೊಳ ಇದೆ, ಕೊಳದಲ್ಲಿ ಹಂಸಗಳಿವೆ. ಆ ಊರಿನವರು ಕುರಿ ಮಾರಿಕೊಂಡು ಕೂಲಿಗೆ ಹೋಗುತ್ತಾರೆ. ಎರಡನೇ ಹುಲ್ಲು ಇಲ್ಲದೆ ಚಳಿಗಾಲಕ್ಕೆ ಕುರಿ ಬದುಕುವುದಿಲ್ಲ, ಕುರಿ ಇಲ್ಲದೆ ಮಕ್ಕಳ ಮೈಮೇಲೆ ಉಣ್ಣೆಯಿಲ್ಲ.

ಶಾಂಪ್ರೆಲ್‌ನ ದೊರೆಸಾನಿ ಪ್ಯಾರಿಸ್‌ನಿಂದ ಬಂದವಳು. ಆ ವರ್ಷ ಅವಳಿಗೆ ದಿವಾನಖಾನೆಯನ್ನು ಹೊಸದು ಮಾಡುವ ಹುಕಿ ಹತ್ತಿತು. ಹಳೆಯ ಬೇಟೆಯ ಚಿತ್ರಗಳನ್ನು ಕಿತ್ತು ಹಾಕಿ, ಗೋಡೆಯ ಹಲಗೆಗಳಿಗೆಲ್ಲ ಹಳ್ಳಿಯ ಚಿತ್ರ ಬರೆಸಲು ಪ್ಯಾರಿಸ್‌ನಿಂದ ಲೊರೆಲ್ ಎಂಬ ಚಿತ್ರಗಾರನನ್ನು ಕರೆಸಿದಳು. ಬಾಗಿಲುಗಳ ಮೇಲೆ ಕುರಿಗಾಹಿ ಹುಡುಗಿಯರು, ಕಿಟಕಿಗಳ ನಡುವೆ ಹೊಳೆಯಲ್ಲಿ ಮೀಯುವ ಹೆಂಗಸರು. ಮೀಯುವವರ ಮೈಮೇಲೆ ಒಂದು ನೂಲೆಳೆಯೂ ಇರಲಿಲ್ಲ, ಅದರ ಬಗ್ಗೆ ಯಾರೂ ಮೂಗು ಮುರಿಯಲಿಲ್ಲ. ಎಲ್ಲ ಚೆನ್ನಾಗಿಯೇ ಬರುತ್ತಿತ್ತು. ಆದರೆ ಕಿಟಕಿಯಾಚೆ ನೋಡಿದರೆ ನಿಜವಾದ ಹಳ್ಳಿ ಕಾಣುತ್ತಿತ್ತಲ್ಲ, ಅದು ದೊರೆಸಾನಿಯ ಕಣ್ಣಿಗೆ ಕಸವಾಯಿತು. ಕಂದು ಬಣ್ಣದ, ಬಾಲಕ್ಕೆ ಹಿಕ್ಕೆ ಮೆತ್ತಿದ ಕುರಿಗಳು, ಕೂಗಾಡುವ ಹೆಂಗಸು. ಹುಲ್ಲುಗಾವಲಿನಲ್ಲಿ ತನ್ನದೇ ನಾಲ್ಕು ಬಿಳಿ ಕುರಿಗಳನ್ನು ಬಿಟ್ಟು, ಕತ್ತಿಗೆ ರಿಬ್ಬನ್ ಕಟ್ಟಿಸಬೇಕೆಂದು ಅವಳಿಗೆ ಆಸೆ. ಬಿಳಿ ಕುರಿಗಳು ಬಂದವು ಕೂಡ. ವಾರದೊಳಗೆ ಒಂದರ ರಿಬ್ಬನ್ನನ್ನು ಇನ್ನೊಂದು ತಿಂದು ಹಾಕಿತು.

ದೊರೆಸಾನಿಯ ಆಸೆಯನ್ನು ನೆರವೇರಿಸುವ ಹೊಣೆ ಪಾರುಪತ್ಯಗಾರ ಜಿಬೋನದು. ಆ ಮನುಷ್ಯ ಕೂಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ನಯವಾಗಿ ನಗುತ್ತಲೇ ಕುತ್ತಿಗೆ ಕೊಯ್ಯುವ ಜಾತಿ. ಅವನು ಚಳಿಗಾಲ ಮುಗಿದಾಗಿನಿಂದ ಎರಡನೇ ಹುಲ್ಲಿನ ಹಕ್ಕು ಸುಳ್ಳು, ದೊರೆಯ ಅಜ್ಜ ದಯೆಯಿಂದ ಬಿಟ್ಟದ್ದು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ಊರಿನವರು ಜಗ್ಗಲಿಲ್ಲ. ಹಾಗಾಗಿ ಅವನು ಬೇರೆ ದಾರಿ ಹಿಡಿದ.

ಅದಕ್ಕೆ ಮೊದಲು ನಡೆದ ಒಂದು ಅವಮಾನವನ್ನು ಹೇಳದೆ ಇದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕುರಿ ಕಾಯುವ ಹೆಂಗಸನ್ನು ಆ ಸೀಮೆಯಲ್ಲಿ ಬೆರ್ಜೇರ್ ಎನ್ನುತ್ತಾರೆ. ಅರಮನೆಗಳಲ್ಲಿ ಅದೇ ಹೆಸರನ್ನು ಒಂದು ಕುರ್ಚಿಗೂ ಇಟ್ಟಿದ್ದಾರೆ; ದಪ್ಪ ದಿಂಬಿನ, ಎರಡೂ ಪಕ್ಕ ಮುಚ್ಚಿದ, ಮೈ ಚೆಲ್ಲಿ ಕೂರುವ ಕುರ್ಚಿ. ನೋಡಿ ಇವರ ಸೊಕ್ಕು, ಕೂರುವುದಕ್ಕೂ ನಮ್ಮ ಹೆಸರೇ ಬೇಕು. ವಸಂತದಲ್ಲಿ ಚಿತ್ರಗಾರ ಒಂದು ಮರಿಯನ್ನು ನೋಡಬೇಕೆಂದಾಗ ಸೊಲಾಂಜ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅರಮನೆಗೆ ಹೋಗಿ ಹಿಂಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ದೊರೆಸಾನಿಯ ಧ್ವನಿ ಬಂತು:

"ಬೆರ್ಜೇರ್ ಎಲ್ಲಿ? ಕಿಟಕಿ ಹತ್ತಿರ ಬರಲಿ."

ಸೊಲಾಂಜ್ ಮರದ ಮೆಟ್ಟು ಟಕಟಕ ಎನಿಸಿಕೊಂಡು, ಹೊಳೆಯುವ ನೆಲದ ಮೇಲೆ ನಡೆದು ಕಿಟಕಿಯ ಹತ್ತಿರ ಹೋಗಿ ನಿಂತಳು. ಹಿಂದೆಯೇ ಇಬ್ಬರು ಆಳುಗಳು ಕುರ್ಚಿ ಹೊತ್ತು ತಂದರು. ಕ್ಷಣಹೊತ್ತು ಯಾರಿಗೂ ತಿಳಿಯಲಿಲ್ಲ, ಆಮೇಲೆ ದಿವಾನಖಾನೆಗೆ ದಿವಾನಖಾನೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಂಕುಳಲ್ಲಿದ್ದ ಮರಿ ಅಷ್ಟರಲ್ಲಿ ನೆಲ ಒದ್ದೆ ಮಾಡಿತು. ಅವತ್ತಿನಿಂದ ಆಳುಗಳಿಗೆ ಅವಳನ್ನು ಕಂಡರೆ ಅದೇ ಹಾಸ್ಯ.

"ಏನವ್ವಾ ಬೆರ್ಜೇರ್, ಒಸಿ ಕೂತ್ಕೊಳ್ಲಾ?"

"ಕೂತ್ಕೋ ಬಾ. ಕಾಲ್ ಮುರಿಯೋದು ಕುರ್ಚೀದಲ್ಲ, ನಿಂದು," ಎಂದು ಅವಳು ಉತ್ತರ ಕೊಡುತ್ತಿದ್ದಳು. ಉತ್ತರ ಕೊಟ್ಟರೂ ಒಳಗೆ ಉರಿಯುತ್ತಿತ್ತು. ಮತ್ತೊಮ್ಮೆ ಆ ಮಾತಿಗೆ ಬೇಸ್ತು ಬೀಳಬಾರದು ಎಂದು ಗಟ್ಟಿಮನಸ್ಸು ಮಾಡಿಕೊಂಡಿದ್ದಳು.

ಮಗ್ದಲೇನ ಹಬ್ಬ ಹತ್ತಿರ ಬಂದಾಗ ಜಿಬೋ ತಾನೇ ಕುರಿಹಟ್ಟಿಗೆ ಬಂದ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಮಾತಾಡಿದ.

"ದೊರೆಸಾನಿಯವರಿಗೆ ನಿನ್ನನ್ನೇ ಚಿತ್ರದಲ್ಲಿ ಬರೆಸಬೇಕು ಅಂತ ಆಸೆ. ಹಬ್ಬದ ದಿನ ಬೆಳಿಗ್ಗೆ ಬಂದು ಕೂತ್ಕೋಬೇಕು."

"ಅವತ್ತಾ ಸ್ವಾಮಿ? ಅವತ್ತು ಹುಲ್ಲಿಗೆ ಇಳೀಬೇಕಲ್ಲ."

"ಅದು ಮಧ್ಯಾಹ್ನದ ಗಂಟೆಯೊಳಗೆ ತಾನೇ? ಅದಕ್ಕೂ ಎಷ್ಟೋ ಮುಂಚೆ ಪೂಜೆ ಗಂಟೆ ಬಾರಿಸ್ತಾರೆ. ಅದು ಕೇಳಿಸಿದ ತಕ್ಷಣ ಎದ್ದು ಹೋಗು, ಯಾರು ಬೇಡ ಅಂತಾರೆ?"

"ಬ್ಯಾರೆ ದಿನ ಆಗಾಕಿಲ್ವಾ?"

"ಚಿತ್ರಗಾರರು ಮಾರನೇ ದಿನ ಹೊರಡ್ತಾರೆ. ನೋಡು ಸೊಲಾಂಜ್, ನಾನು ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ದೊರೆಸಾನಿಯವರ ಮನಸ್ಸಿಗೆ ನೀನು ಹಿಡಿಸಿದ್ರೆ ಹುಲ್ಲುಗಾವಲಿನ ತಂಟೆಗೆ ನಾನು ಮತ್ತೆ ಬರೋದಿಲ್ಲ."

ಗಂಡನ ತಂಗಿ ಮಾರ್ತ ಹಟ್ಟಿಯ ಮೂಲೆಯಲ್ಲಿ ಹಾಲು ಕರೆಯುತ್ತಿದ್ದಳು. ಜಿಬೋ ಹೋದ ಮೇಲೆ ಎದ್ದು ಬಂದಳು.

"ಹೋಗ್ಬ್ಯಾಡ ಅತ್ಗೆ. ಆ ಮನ್ಸ ನಕ್ಕಾಗೆಲ್ಲ ನಮ್ಗೇನೋ ಕಾದೈತೆ ಅಂತ್ಲೇ."

"ಹೋಗ್ದಿದ್ರೆ ದೊರೆಸಾನಿ ಮಾತ್ ಮೀರ್ದೋಳು ಅಂತ ಅದ್ನೇ ನೆಪ ಮಾಡ್ಕತಾನೆ ಕಣೆ. ಗಂಟೆ ಕೇಳ್ಸದ್ ತಡ ಎದ್ದು ಬತ್ತೀನಿ. ನೀನು ಮಂದೆ ಹೊಡ್ಕಂಡು ಉಣುಗೋಲ್ ತಾವ ನಿಂತಿರು."

ಹಬ್ಬದ ಬೆಳಿಗ್ಗೆ ಅವಳನ್ನು ಅರಮನೆಯ ದಾಸಿಯರು ತಿಕ್ಕಿ ತೊಳೆದರು. ಅವಳ ಒಳಂಗಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿಸಿ ಗುಲಾಬಿ ರೇಷ್ಮೆ ತೊಡಿಸಿದರು. ಒಳಂಗಿಯನ್ನೂ ಬಿಚ್ಚು ಎಂದಾಗ ಅವಳು ಹಲ್ಲು ಕಚ್ಚಿ ನಿಂತಿದ್ದನ್ನು ನೋಡಿ ಸುಮ್ಮನಾದರು. ಪಾದರಕ್ಷೆ ಎಷ್ಟು ಒತ್ತಿದರೂ ಹಿಡಿಯಲಿಲ್ಲ, ಹಿಮ್ಮಡಿ ಹೊರಗೇ ಉಳಿಯಿತು. ಲಂಗ ಮುಚ್ಚುತ್ತದೆ ಬಿಡು ಎಂದರು.

ದಿವಾನಖಾನೆಯಲ್ಲಿ ಹೊಳೆಯ ಕಡೆಯ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದಿತ್ತು. ಬೆಳಕು ಒಂದೇ ಕಡೆಯಿಂದ ಬರಬೇಕಂತೆ. ಅವಳನ್ನು ಒಂದು ಮಣೆಯ ಮೇಲೆ ಕೂರಿಸಿದರು. ಎದುರಿಗೆ ಚಿತ್ರದ ಹಲಗೆ ನಿಂತಿತ್ತು. ಸೊಲಾಂಜ್ ಅದರಲ್ಲಿ ತನ್ನ ಮುಖ ಹುಡುಕಿದಳು. ಮುಖ ಆಗಲೇ ಬರೆದು ಮುಗಿದಿತ್ತು. ಹದಿನೆಂಟರ ಹುಡುಗಿ, ಕೆನ್ನೆಯ ಮೇಲೆ ಕೆಂಪು, ಬಾಯಿ ಗುಬ್ಬಿಯ ಬಾಯಿಯಷ್ಟು. ತೋಳುಗಳೂ ಬರೆದಾಗಿತ್ತು. ಬಾಕಿ ಇದ್ದದ್ದು ಲಂಗ ಮಾತ್ರ.

ಲೊರೆಲ್ ಕೆಲಸ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಜಿಬೋ ಬಾಗಿಲಿಗೆ ಬಂದು, ಅಲ್ಲಿದ್ದ ಇಬ್ಬರು ಆಳುಗಳಿಗೆ ಅವಳಿಗೂ ಕೇಳಿಸುವ ಹಾಗೆ ಹೇಳಿದ:

"ಮಧ್ಯಾಹ್ನದ ಗಂಟೆ ಆಗೋವರೆಗೂ ಬೆರ್ಜೇರ್ ಈ ಕೋಣೆಯಿಂದ ಆಚೆ ಹೋಗಬಾರದು. ಯಾರು ಬಂದು ಕೇಳಿದ್ರೂ ಕೊಡಬೇಡಿ."

ಸೊಲಾಂಜ್‌ಳ ಪಕ್ಕದಲ್ಲೇ ಆ ದಪ್ಪ ದಿಂಬಿನ ಕುರ್ಚಿ ಇತ್ತು. ಓಹೋ, ಕುರ್ಚಿಯ ಮಾತು, ಈ ಸಲ ನಾನು ಬೇಸ್ತು ಬೀಳಲಿಲ್ಲ ಎಂದು ಅವಳು ಒಳಗೊಳಗೇ ಬೀಗಿದಳು. ಆಳುಗಳ ಕಡೆ ನೋಡಿ ಕಣ್ಣು ಕೂಡ ಮಿಟುಕಿಸಿದಳು. ಅವರು ಮುಖ ತಿರುಗಿಸಿದರು. ಮೊದಲ ಸಲ ಅವಳು ತಪ್ಪು ತಿಳಿದಾಗ ನಕ್ಕವರು, ಎರಡನೆಯ ಸಲ ತಪ್ಪು ತಿಳಿದಾಗ ನಗಲಿಲ್ಲ. ಅಷ್ಟಾದರೂ ನಾಚಿಕೆ ಅವರಲ್ಲಿ ಉಳಿದಿತ್ತು ಎನ್ನೋಣ.

ಅವಳು ಕಿವಿ ನೆಟ್ಟಗೆ ಮಾಡಿಕೊಂಡು ಪೂಜೆಯ ಗಂಟೆಗೆ ಕಾದಳು. ಲಂಗದೊಳಗೆ ಮೈ ಬೆವೆತು ಅಂಟಿತು. ಬೆನ್ನು ಹಿಡಿಯಿತು. ಲೊರೆಲ್ ಒಂದು ಮಡಿಕೆ ಬರೆಯುವುದು, ಹಿಂದೆ ಸರಿದು ನೋಡುವುದು, ಒರೆಸುವುದು. ಗಂಟೆ ಕೇಳಿಸಲೇ ಇಲ್ಲ. ತಡೆಯಲಾರದೆ ಕೊನೆಗೆ ಕೇಳಿದಳು.

"ಅಪ್ಪಾ, ಇನ್ನೂ ಪೂಜೆ ಗಂಟೆ ಆಗ್ನಿಲ್ವಾ?"

"ಪೂಜೆನಾ? ಅದು ಆಗಲೇ ಮುಗೀತಲ್ಲ," ಎಂದ ಲೊರೆಲ್, ಕುಂಚದಿಂದ ಕಣ್ಣು ತೆಗೆಯದೆ. "ಪಾದ್ರಿಯವರು ಇವತ್ತು ಅರಮನೆಯ ಪ್ರಾರ್ಥನಾ ಮಂದಿರದಲ್ಲೇ ಮಾಡಿದ್ರು, ಅದಕ್ಕೇ ಚರ್ಚಿನ ಗಂಟೆ ಬಾರಿಸ್ಲಿಲ್ಲ. ಈಗ ಪಕ್ಕದ ಕೋಣೇಲಿ ಅತಿಥಿಗಳ ಜೊತೆ ಚಾಕೊಲೇಟ್ ಕುಡೀತಿದಾರೆ. ಅಲುಗಾಡಬೇಡಮ್ಮ, ಮಡಿಕೆ ಕೆಡುತ್ತೆ. ನನ್ನ ಹತ್ತಿರ ಇದಕ್ಕಂತ್ಲೇ ಒಂದು ಮರದ ಬೊಂಬೆ ಇದೆ, ಅದು ಅಲುಗಾಡಲ್ಲ, ಮಾತೂ ಆಡಲ್ಲ. ಆದ್ರೆ ನಿಮ್ಮ ಪಾರುಪತ್ಯಗಾರರು ಇವತ್ತು ನೀನೇ ಆಗಬೇಕು ಅಂತ ಹಟ ಹಿಡಿದ್ರು."

ಸೊಲಾಂಜ್ ಪಕ್ಕದ ಕುರ್ಚಿಯನ್ನು ನೋಡಿದಳು. ಆಮೇಲೆ ಬಾಗಿಲಲ್ಲಿದ್ದ ಇಬ್ಬರು ಆಳುಗಳನ್ನು ನೋಡಿದಳು. ಕುರ್ಚಿಯನ್ನು ಕಾಯಲು ಇಬ್ಬರು ಬೇಕೆ? ಅವಳ ಹೆಸರನ್ನು ಕುರ್ಚಿಗೆ ಕೊಟ್ಟರು, ಅವಳ ಮುಖದ ಜಾಗವನ್ನು ಯಾವುದೋ ಹುಡುಗಿಗೆ ಕೊಟ್ಟರು, ಈಗ ಅವಳನ್ನು ಬಟ್ಟೆ ನೇತುಹಾಕುವ ಗೂಟ ಮಾಡಿ ಕೂರಿಸಿ ಊರಿನ ಹುಲ್ಲು ನುಂಗಲು ಹೊರಟಿದ್ದರು. ಅದೂ ದೇವರ ಪೂಜೆಯನ್ನು ಅಡ್ಡ ಹಿಡಿದು.

ಅವಳು ಎದ್ದಳು. ಆಳುಗಳು ಬಾಗಿಲಿಗೆ ಅಡ್ಡ ನಿಂತರು. ಅವಳು ಬಾಗಿಲ ಕಡೆ ಹೋಗಲೇ ಇಲ್ಲ. ಹೊಳೆಯ ಕಡೆಯ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು, ಅದು ಕೋಲು ಸಮೇತ ಕಿತ್ತು ಬಂತು. ಹೊರಗೆ ಸೂರ್ಯ ನೆತ್ತಿಗೆ ಬಂದಿದ್ದ. ಕೆಳಗೆ ಉಣುಗೋಲಿನ ಹತ್ತಿರ ಮಂದೆ ಒತ್ತೊತ್ತಾಗಿ ನಿಂತಿತ್ತು, ಊರಿನವರು ಅರಮನೆಯ ಕಡೆಯೇ ನೋಡುತ್ತಿದ್ದರು. ನೆಲದವರೆಗೆ ಇದ್ದ ಕಿಟಕಿಯನ್ನು ತಳ್ಳಿ ಅವಳು ಜಗಲಿಗೆ ಇಳಿದು ಓಡಿದಳು. "ಮಡಿಕೆ, ನನ್ನ ಮಡಿಕೆ," ಎಂದು ಹಿಂದಿನಿಂದ ಚಿತ್ರಗಾರ ಕೂಗಿಕೊಂಡ.

ಪಾದರಕ್ಷೆಗಳು ಹೂವಿನ ಪಾತಿಯಲ್ಲಿ ಉಳಿದವು. ರೇಷ್ಮೆ ಗುಲಾಬಿ ಮುಳ್ಳಿಗೆ ಸಿಕ್ಕಿ ಹರಿಯಿತು. ಬಂದವಳನ್ನು ನೋಡಿ ಮಂದೆಯ ನಾಯಿ ಗುರುತು ಸಿಗದೆ ಬೊಗಳಿತು. ಮಾರ್ತ ಬಾಯಿ ತೆರೆದು ನಿಂತಳು.

"ಇದೇನೇ ಅತ್ಗೆ ನಿನ್ ಅವ್ತಾರ."

"ಆಮ್ಯಾಕ್ ನಗೀವಂತೆ. ನನ್ ಕೋಲು ಕೊಡು."

ಅವಳು ಉಣುಗೋಲು ಸರಿಸಿ ಮುಂದೆ ನಡೆದಳು. ಕತ್ತಿಗೆ ಗಂಟೆ ಕಟ್ಟಿದ ಮೊರೋ ಎಂಬ ಮುದಿ ಟಗರು ಅವಳ ಹಿಂದೆ, ಅದರ ಹಿಂದೆ ಇಡೀ ಮಂದೆ ಹುಲ್ಲಿಗೆ ಇಳಿಯಿತು. ಊರಿನವರು ಉಸಿರು ಬಿಟ್ಟರು. ಅಷ್ಟರಲ್ಲಿ ಮೇಲಿನಿಂದ ಚಪ್ಪಾಳೆ ಕೇಳಿಸಿತು. ಅತಿಥಿಗಳೆಲ್ಲ ಚಾಕೊಲೇಟಿನ ಬಟ್ಟಲು ಹಿಡಿದು ಜಗಲಿಗೆ ಬಂದಿದ್ದರು. ಗುಲಾಬಿ ರೇಷ್ಮೆಯ ಕುರಿಗಾಹಿ, ಹಿಂದೆ ಕುರಿಗಳು, ಹಸಿರು ಹುಲ್ಲು; ತಮಗೆಂದೇ ಏರ್ಪಡಿಸಿದ ಆಟ ಎಂದುಕೊಂಡು ಹೆಂಗಸರು ಬೀಸಣಿಗೆ ಬಡಿದರು. ದೊರೆಸಾನಿ ಎಲ್ಲರ ನಡುವೆ ಕೈ ಬೀಸಿದಳು, ಹೊಗಳಿಕೆ ತನಗೇ ಸಲ್ಲಬೇಕಾದದ್ದು ಎನ್ನುವ ಹಾಗೆ.

ಜಿಬೋ ಅವಸರವಿಲ್ಲದೆ ಇಳಿದು ಬಂದ. ಮುಖದಲ್ಲಿ ಅದೇ ನಗು. ಊರಿನವರಿಗೆಲ್ಲ ಕೇಳುವಂತೆ ಹೇಳಿದ:

"ಬಹಳ ಚೆನ್ನಾಗಿತ್ತು ಸೊಲಾಂಜ್. ದೊರೆಸಾನಿಯವರ ಬಟ್ಟೆ ಹಾಕ್ಕೊಂಡು ದೊರೆಸಾನಿಯವರ ಅತಿಥಿಗಳಿಗೆ ಒಳ್ಳೇ ಆಟ ತೋರಿಸಿದೆ. ನೋಡಿದವರೆಲ್ಲ ಸಾಕ್ಷಿ. ನೀನು ಇಳಿದದ್ದು ಅರಮನೆಯ ಕಡೆಯವಳಾಗಿ, ಅರಮನೆಯ ಅಪ್ಪಣೆಯಿಂದ. ಊರ ಕುರಿಗಾಹಿ ಎಲ್ಲಿ ಬಂದ್ಲು? ನನಗಂತೂ ಕಾಣಿಸಲಿಲ್ಲ."

ಊರಿನವರು ಹಿರಿಯ ಫಿಯಾಕ್ರ್‌ನ ಮುಖ ನೋಡಿದರು. ಅವನು ಟೊಪ್ಪಿ ಹಿಸುಕುತ್ತ ನೆಲ ನೋಡಿದ. ವಕೀಲರ ಮುಂದೆ ಈ ಮಾತು ಗಟ್ಟಿಯಾಗಿ ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಚರ್ಚಿನ ಗೋಪುರದಲ್ಲಿ ಗಂಟೆಯ ಹಗ್ಗ ಹಿಡಿಯುವವನು ಒಳಗೆ ಹೋಗುತ್ತಿರುವುದು ಅಲ್ಲಿಂದಲೇ ಕಾಣುತ್ತಿತ್ತು.

ಸೊಲಾಂಜ್ ಒಂದು ಗಳಿಗೆ ತನ್ನ ಮೈಮೇಲಿನ ರೇಷ್ಮೆಯನ್ನು ನೋಡಿಕೊಂಡಳು. ಆಮೇಲೆ ಎದೆಯ ಮೇಲಿನ ಕಟ್ಟುಗಳನ್ನು ಬಿಚ್ಚತೊಡಗಿದಳು. ಬಿಚ್ಚಲು ಬಾರದ್ದನ್ನು ಹರಿದಳು. ಲಂಗ ಕಾಲ ಬುಡದಲ್ಲಿ ಬಿತ್ತು. ಅದನ್ನು ದಾಟಿ ನಿಂತಳು, ತಾನೇ ನೂತು ಹೊಲಿದ ಸೆಣಬಿನ ಒಳಂಗಿಯಲ್ಲಿ. ಮೊಳಕಾಲವರೆಗಿನ ಅಂಗಿ, ಹೆಗಲ ಮೇಲೆ ಸಿಲ್ವೆನ್‌ನ ಹಳೆಯ ಬಟ್ಟೆಯ ತೇಪೆ, ಕೆಳಗೆ ಬಿಸಿಲು ಕಾಣದ ಬಿಳಿ ಕಾಲುಗಳು, ಸುಟ್ಟು ಕಪ್ಪಾದ ಪಾದಗಳು. ನಲವತ್ತು ದಾಟಿದ, ನಾಲ್ಕು ಹೆತ್ತು ಮೂರನ್ನು ಮಣ್ಣಿಗೆ ಕೊಟ್ಟ ಹೆಂಗಸಿನ ಮೈ. ಮಾರ್ತ ತನ್ನ ಶಾಲು ಹೊದಿಸಲು ಓಡಿ ಬಂದಳು.

"ಬ್ಯಾಡ. ಇದು ನಂದೇ ಅಂತ ಎಲ್ರಿಗೂ ಕಾಣ್ಲಿ."

"ನಾಚಿಕೆ ಆಗಲ್ವಾ ನಿನಗೆ?" ಎಂದ ಜಿಬೋ. ಅವನ ನಗು ಮೊದಲ ಸಲ ಜಾರಿತ್ತು.

"ನಿಮ್ ಗೋಡೆ ಮ್ಯಾಲ್ ಮೀಯ್ತಾ ಇರೋರ್ಗೆ ಇಲ್ದಿದ್ ನಾಚ್ಕೆ ನಂಗ್ಯಾಕೆ ಸ್ವಾಮಿ? ನಂಗಾದ್ರೂ ಒಳಂಗಿ ಐತೆ."

ಅವಳು ಮೊರೋನ ಕೊಂಬು ಹಿಡಿದು ಉಣುಗೋಲಿನಿಂದ ಆಚೆಗೆ ಎಳೆದುಕೊಂಡು ಹೋದಳು. ಅದರ ಕತ್ತಿನ ಗಂಟೆಯ ಸದ್ದಿಗೆ ಮಂದೆಯೂ ಹುಲ್ಲು ಬಿಟ್ಟು ಗೊಣಗುತ್ತ ಹಿಂದೆ ಹೋಯಿತು. ಹಿಂದುಳಿದವನ್ನು ನಾಯಿ ಅಟ್ಟಿತು. ಹೊರಗೆ ನಿಂತು ಅವಳು ಅಡ್ಡಮರವನ್ನು ಹಾಕಿದಳು, ಮತ್ತೆ ತೆಗೆದಳು. ತನ್ನ ಕೋಲು ಹಿಡಿದು, ಬರಿಗಾಲಲ್ಲಿ, ಒಳಂಗಿಯಲ್ಲಿ, ಊರ ಕುರಿಗಾಹಿ ಸೊಲಾಂಜ್ ಬ್ರೆಶೋ ಎರಡನೇ ಹುಲ್ಲಿಗೆ ಇಳಿದಳು. ಕೊನೆಯ ಕುರಿ ಒಳಗೆ ಬಂದ ಮೇಲೆ ಮಧ್ಯಾಹ್ನದ ಗಂಟೆ ಶುರುವಾಯಿತು.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಜಗಲಿಯ ಹೆಂಗಸರು ಬೀಸಣಿಗೆಯಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು. ಹೋಗಿ ಕೂತದ್ದು ಎಲ್ಲಿ? ಬೆತ್ತಲೆ ಹೆಂಗಸರ ಚಿತ್ರಗಳ ಕೆಳಗೆ. ಅಲ್ಲಿ ಕೂತು ಹಳ್ಳಿಯ ಹೆಂಗಸರಿಗೆ ಮಾನವಿಲ್ಲ ಎಂದು ಮಾತಾಡಿಕೊಂಡರಂತೆ. ಈ ಜನರಿಗೆ ಏನು ಹೇಳುವುದು. ಬರೆದದ್ದಾದರೆ ಮೈಯನ್ನೂ ಮೆಚ್ಚುತ್ತಾರೆ, ಉಸಿರಾಡುವುದಾದರೆ ತೇಪೆಯನ್ನೂ ಸಹಿಸುವುದಿಲ್ಲ. ಲೊರೆಲ್ ಉಳಿದ ಮಡಿಕೆಗಳನ್ನು ಮರದ ಬೊಂಬೆಗೆ ಇನ್ನೊಂದು ಲಂಗ ತೊಡಿಸಿ ಬರೆದು ಮುಗಿಸಿದ.

ಜಿಬೋ ಸುಮ್ಮನಾಗಲಿಲ್ಲ. ಹಕ್ಕಿನ ಮಾತು ಕೈಬಿಟ್ಟು ಮಾನದ ಮಾತು ಹಿಡಿದ. ಪಾದ್ರಿಯ ಬಳಿ ದೂರು ಕೊಟ್ಟು, ಭಾನುವಾರದ ಪೂಜೆಯಾದ ಮೇಲೆ ಚರ್ಚಿನ ಬಾಗಿಲಲ್ಲಿ ಊರಿನವರೆಲ್ಲರ ಮುಂದೆ ಅವಳು ಮೇಣದಬತ್ತಿ ಹಿಡಿದು ಮಂಡಿಯೂರಿ ಕ್ಷಮೆ ಕೇಳಬೇಕೆಂದು ಗೊತ್ತು ಮಾಡಿಸಿದ. ಅರಮನೆಯ ಚಾಕೊಲೇಟ್ ಕುಡಿದ ಪಾದ್ರಿಗೆ ಇಲ್ಲ ಎನ್ನುವ ಬಾಯಿ ಎಲ್ಲಿಂದ ಬರಬೇಕು? ಇಂಥವಳನ್ನು ಊರ ಕುರಿಗಾಹಿಯಾಗಿ ಇಟ್ಟುಕೊಳ್ಳುವುದು ಊರಿಗೇ ಅವಮಾನ ಎಂದು ಜಿಬೋ ಮನೆಮನೆಗೆ ಹೇಳಿ ಕಳಿಸಿದ. ಒಂದೆರಡು ಮನೆಯವರು ತಲೆಯಾಡಿಸಿದರು ಕೂಡ. ಅವರ ಹೆಸರು ಇಲ್ಲಿ ಬೇಡ.

ಭಾನುವಾರ ಚರ್ಚಿನ ಬಾಗಿಲಲ್ಲಿ ನಿಲ್ಲಲು ಜಾಗವಿರಲಿಲ್ಲ. ಅರಮನೆಯ ಆಳುಗಳು ಬಂದಿದ್ದರು, ದೊರೆಯ ವಕೀಲನೂ ಬಂದಿದ್ದ. ಸೊಲಾಂಜ್ ಮೇಣದಬತ್ತಿ ಹಿಡಿದು ಕಲ್ಲಿನ ಮೇಲೆ ಮಂಡಿಯೂರಿದಳು. ಪಾದ್ರಿ ಗಂಟಲು ಸರಿಮಾಡಿಕೊಂಡು, ದೂರು ಕೊಟ್ಟವರು ತಪ್ಪೇನೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕು, ಅದು ಪದ್ಧತಿ ಎಂದರು.

ಜಿಬೋ ಮುಂದೆ ಬಂದ. ಈ ಗಳಿಗೆಗಾಗಿಯೇ ಕಾದಿದ್ದವನ ಹಾಗೆ ಪ್ರತಿಯೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದ:

"ಈ ಹೆಂಗಸು, ಊರ ಕುರಿಗಾಹಿ ಅಂತ ಹೇಳಿಕೊಳ್ಳೋ ಈ ಸೊಲಾಂಜ್ ಬ್ರೆಶೋ, ಮಗ್ದಲೇನ ಹಬ್ಬದ ಪವಿತ್ರ ದಿನ, ಮಧ್ಯಾಹ್ನದ ಗಂಟೆ ಬಾರಿಸೋದಕ್ಕೆ ಮುಂಚೆ, ದೊರೆಸಾನಿಯವರು ದಯಪಾಲಿಸಿದ ಬಟ್ಟೆಯನ್ನ ಕಿತ್ತೆಸೆದು, ಬರೀ ತನ್ನ ಸ್ವಂತ ಒಳಂಗಿಯಲ್ಲಿ, ಮಂದೆ ಹೊಡ್ಕೊಂಡು, ನಮ್ಮೆಲ್ಲರ ಕಣ್ಣೆದುರಿಗೆ ಹುಲ್ಲುಗಾವಲಿಗೆ ಇಳಿದಿದ್ದಾಳೆ. ನಾನೇ ನೋಡಿದೀನಿ."

ಹುಲ್ಲಿನ ವ್ಯಾಜ್ಯ ಅಲ್ಲಿಗೇ ಮುಗಿಯಿತು ಎನ್ನುವ ಹಾಗೆ ದೊರೆಯ ವಕೀಲ ಕಣ್ಣು ಮುಚ್ಚಿಕೊಂಡ. ಫಿಯಾಕ್ರ್ ಟೊಪ್ಪಿ ತೆಗೆದು 'ಕೇಳಿಸ್ಕಂಡ್ರಾ' ಎನ್ನುವಂತೆ ಊರಿನವರ ಕಡೆ ತಿರುಗಿದ. ಆಗ ಸೊಲಾಂಜ್ ಮಂಡಿಯೂರಿದಲ್ಲಿಂದಲೇ ತಲೆಯೆತ್ತಿದಳು. ತೋಳ ಬೆದರಿಸುವ ಅವಳ ಧ್ವನಿ ಕೊನೆಯ ಸಾಲಿನವರೆಗೂ ಹೋಯಿತು.

"ಇನ್ನೊಂದ್ ಸಲ ಹೇಳಿ ಸ್ವಾಮಿ, ಒಸಿ ಜೋರಾಗಿ. ಹಿಂದಿರೋರ್ಗೆ ಕೇಳಿಸ್ನಿಲ್ಲ."